ನಮ್ಮ ಕಾಲುವೆಯ ನೀರು ಹುಟ್ಟುವ ಊರು: ಆಗುಂಬೆಯಲ್ಲಿ ನಾಲ್ಕು ದಿನ

ಗಂಗಾವತಿಯ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಮ್ಮದು ನಾಲ್ಕು ಎಕರೆ ಗದ್ದೆ. ಜೂನ್ ಬಂತೆಂದರೆ ಅಪ್ಪ ನಮ್ಮೂರಿನ ಆಕಾಶವನ್ನು ನೋಡುವುದಿಲ್ಲ, ಪತ್ರಿಕೆಯಲ್ಲಿ ಬರುವ ಮಲೆನಾಡಿನ ಮಳೆಯ ಸುದ್ದಿಯನ್ನು ನೋಡುತ್ತಾರೆ. 'ಆಗುಂಬೆಯಲ್ಲಿ ಎಷ್ಟಾಯಿತು?' ಎಂಬುದು ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಾ ಬಂದ ಮಾತು. ಅಲ್ಲಿ ಸುರಿದರೆ ತುಂಗೆ ಏರುತ್ತಾಳೆ, ತುಂಗೆ ಏರಿದರೆ ಹೊಸಪೇಟೆಯ ಅಣೆಕಟ್ಟು ತುಂಬುತ್ತದೆ, ಅಣೆಕಟ್ಟು ತುಂಬಿದರೆ ನಮ್ಮ ತೂಬಿಗೆ ನೀರು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ್ದ ನೀರು ಕಣ್ಣೆದುರೇ ಹರಿದು ಹೋಗುತ್ತಿದ್ದ ದಿನಗಳಲ್ಲಿ ಅಪ್ಪ ಸರಿಯಾಗಿ ನಿದ್ದೆ ಮಾಡಲಿಲ್ಲ. ಆಗಲೇ ಒಂದು ರಾತ್ರಿ, 'ಈ ನೀರು ಎಲ್ಲಿಂದ ಬರುತ್ತದೆಯೋ ಅಲ್ಲಿಗೆ ಒಮ್ಮೆ ಹೋಗಿ ನೋಡಬೇಕವ್ವಾ' ಎಂದಿದ್ದರು. ಅವರಿಗೆ ಅರವತ್ತೆಂಟು ವರ್ಷ. ತಡ ಮಾಡಬಾರದು ಅನ್ನಿಸಿತು.

ತಮ್ಮ ಮಣಿಪಾಲದಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಯ ವಾರ, ಗದ್ದೆಯಲ್ಲಿ ನಾಟಿ ಮುಗಿದು ಸ್ವಲ್ಪ ಬಿಡುವಿದ್ದಾಗ, ಮೊದಲು ಅವನ ಮನೆಗೆ ಹೋಗಿ ಅಲ್ಲಿಂದ ಘಟ್ಟ ಹತ್ತುವುದೆಂದು ಹೊರಟೆವು.

ಮೊದಲನೆಯ ದಿನ: ಸಮುದ್ರದಿಂದ ಘಟ್ಟದ ಮೇಲಕ್ಕೆ

ಬೆಳಿಗ್ಗೆ ಮಲ್ಪೆಯಲ್ಲಿ ಸಮುದ್ರ ನೋಡಿ, ಉಡುಪಿಯಲ್ಲಿ ಬಸ್ ಹಿಡಿದೆವು. ಮಲ್ಪೆಯಿಂದ ಹೊರಟು ಮಣಿಪಾಲ, ಹೆಬ್ರಿ, ಆಗುಂಬೆಯ ಮೂಲಕ ತೀರ್ಥಹಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಇದು. ಹೆಸರಿಗೆ ಹೆದ್ದಾರಿಯಾದರೂ ಘಟ್ಟದ ತಿರುವುಗಳು ಎಷ್ಟು ಇಕ್ಕಟ್ಟೆಂದರೆ ಈ ದಾರಿಯಲ್ಲಿ ಓಡುವುದು ಗಿಡ್ಡ ಬಸ್ಸುಗಳು ಮಾತ್ರ. ಉದ್ದದ ಬಸ್ಸುಗಳು ತಿರುಗುವುದೇ ಇಲ್ಲ. ಮಳೆ ಜೋರಾದಾಗ ಗುಡ್ಡ ಕುಸಿಯುವ ಭಯಕ್ಕೆ ಭಾರಿ ವಾಹನಗಳನ್ನು ನಿಲ್ಲಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಹೊರಡುವ ಮುನ್ನ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೆಬ್ರಿಯಲ್ಲಿ ಬಸ್ ಹತ್ತು ನಿಮಿಷ ನಿಂತಿತು. ಬಿಸಿ ಬನ್ಸ್ ತಿಂದೆವು. ಅಲ್ಲಿಂದ ಮುಂದೆ ಕಾಡು ರಸ್ತೆಯ ಎರಡೂ ಬದಿಗೆ ಹತ್ತಿರ ಬಂದು ನಿಂತಿತು. ಸೀತಾನದಿ ಎಂಬ ಊರಿನ ಫಲಕ ಕಂಡಾಗ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಇದು ನಮ್ಮ ಕಡೆಗೆ ಬರುತ್ತದೆಯೇ?' ಎಂದು ಕೇಳಿದರು. ಪಕ್ಕದ ಸೀಟಿನಲ್ಲಿದ್ದ, ಮೊಣಕಾಲ ಮೇಲೆ ದೊಡ್ಡ ಕೊಡೆ ಇಟ್ಟುಕೊಂಡಿದ್ದ ಹಿರಿಯರೊಬ್ಬರು ನಕ್ಕರು. 'ಇದು ನಿಮ್ಮ ಕಡೆಗೆ ಅಲ್ಲ ಯಜಮಾನರೇ. ಇದು ಬಾರ್ಕೂರಿನ ಕಡೆ ಹರಿದು ಸಮುದ್ರಕ್ಕೆ ಹೋಗುತ್ತದೆ. ನಿಮ್ಮದು ಮಾಲತಿ. ಆಗುಂಬೆಯ ಆಚೆ ಮಗ್ಗುಲಲ್ಲಿ ಹುಟ್ಟಿ ತುಂಗೆಗೆ ಸೇರುತ್ತದೆ.' ಒಂದೇ ಗುಡ್ಡದ ಮೇಲೆ ಒಂದೇ ಮೋಡದಿಂದ ಬಿದ್ದ ಮಳೆ. ಪಡುವಣಕ್ಕೆ ಜಾರಿದ್ದು ಐವತ್ತು ಅರವತ್ತು ಕಿಲೋಮೀಟರ್ ಹರಿದು ಅರಬ್ಬೀ ಸಮುದ್ರಕ್ಕೆ. ಮೂಡಣಕ್ಕೆ ಜಾರಿದ್ದು ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆಯಾಗಿ ಸುಮಾರು ಸಾವಿರ ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ. ಶಾಲೆಯ ಭೂಪಟದಲ್ಲಿ ಇದನ್ನು ನಾನೂ ಓದಿದ್ದೆ. ಬಸ್ಸಿನ ಕಿಟಕಿಯಿಂದ ನೋಡುವಾಗ ಅದು ಬೇರೆಯೇ ಆಗಿತ್ತು.

ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ಚಾಲಕ ಹಾರ್ನ್ ಒತ್ತಿ ಹಿಡಿಯುತ್ತಿದ್ದರು. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಮಂಜು ಒಳಗೇ ಬಂತು, ಕೈಯ ಮೇಲಿನ ರೋಮಗಳಲ್ಲಿ ಸಣ್ಣ ಹನಿಗಳು ನಿಂತವು. ರಸ್ತೆಬದಿಯ ಕಟ್ಟೆಯ ಮೇಲೆ ಸಿಂಗಳೀಕಗಳ ಒಂದು ಗುಂಪು ಕುಳಿತಿತ್ತು. ಕಪ್ಪು ಮೈ, ಮುಖದ ಸುತ್ತ ಬಿಳಿಯ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲಿಯೂ ಕಾಡಿನಲ್ಲಿ ಇಲ್ಲದ ಪ್ರಾಣಿ. ಮರದ ಎತ್ತರದ ಕೊಂಬೆಗಳಲ್ಲೇ ಬದುಕಬೇಕಾದ ಇದು ಡಾಂಬರಿನ ಮೇಲೆ ಕುಳಿತಿರಲು ಕಾರಣ, ಕಾರು ನಿಲ್ಲಿಸಿ ಬಾಳೆಹಣ್ಣು, ಚಿಪ್ಸ್ ಎಸೆಯುವ ನಮ್ಮಂಥ ಪ್ರಯಾಣಿಕರು. ತಿನಿಸಿಗಾಗಿ ರಸ್ತೆಗಿಳಿದು ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ದಯವಿಟ್ಟು ಏನನ್ನೂ ಕೊಡಬೇಡಿ. ನೋಡಬೇಕೆನ್ನಿಸಿದರೆ ಗಾಡಿಯೊಳಗೆ ಕುಳಿತೇ ನೋಡಿ.

ಆಗುಂಬೆಯಲ್ಲಿ ಇಳಿದಾಗ ಮಳೆ. ಹಿಂದಿನ ಡಿಕ್ಕಿಯಲ್ಲಿಟ್ಟಿದ್ದ ಅಪ್ಪನ ಚೀಲ ಪೂರ್ತಿ ನೆನೆದಿತ್ತು. ಮೂರು ಪಂಚೆ, ಎರಡು ಅಂಗಿ, ಒಂದು ಟವೆಲು, ಒಣಗಿದ್ದು ಒಂದೂ ಇಲ್ಲ. ನಾವು ಉಳಿದುಕೊಂಡ ಮನೆಯ ಅಕ್ಕ ಅದನ್ನು ಕಂಡು, 'ಇಲ್ಲಿ ಬಿಸಿಲಿಗೆ ಕಾದರೆ ದೀಪಾವಳಿಯೇ ಬರಬೇಕು' ಎಂದು ಬಟ್ಟೆಗಳನ್ನೆಲ್ಲ ಬಚ್ಚಲ ಒಲೆಯ ಮೇಲೆ ಕಟ್ಟಿದ್ದ ಗಳುವಿಗೆ ಹಾಕಿದರು. ಮುಂದಿನ ಮೂರು ದಿನ ಅಪ್ಪನ ಹತ್ತಿರ ಹೋದರೆ ಹೊಗೆಯ ವಾಸನೆ. ಬಟ್ಟೆಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರಬೇಕು ಎಂಬುದನ್ನು ಆ ದಿನವೇ ಕಲಿತೆ. ಹತ್ತಿಯ ದಪ್ಪ ಬಟ್ಟೆಗಿಂತ ತೆಳುವಾದ, ಬೇಗ ಒಣಗುವ ಬಟ್ಟೆಯೇ ಮೇಲು.

ಸಂಜೆ ಮಳೆ ಕೊಂಚ ಬಿಟ್ಟಿತು. ಊರಿನಿಂದ ಘಟ್ಟದ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಸೂರ್ಯಾಸ್ತ ನೋಡುವ ಕಟ್ಟೆ. ನವೆಂಬರ್‌ನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿದ್ದಾಗ ಸೂರ್ಯ ಅರಬ್ಬೀ ಸಮುದ್ರಕ್ಕೆ ಇಳಿಯುವುದು ಇಲ್ಲಿಂದ ಕಾಣುತ್ತದೆ. ನಮಗೆ ಕಂಡಿದ್ದು ಬಿಳುಪು ಮಾತ್ರ. ಆದರೂ ಅಲ್ಲಿ ಅರ್ಧ ಗಂಟೆ ನಿಂತೆವು. ಕೆಳಗಿನ ಕಣಿವೆಯಿಂದ ಮೋಡ ಹೊಗೆಯಂತೆ ಮೇಲೇರಿ, ನಮ್ಮನ್ನು ದಾಟಿ, ಹಿಂದಿನ ಮರಗಳೊಳಗೆ ನುಗ್ಗುತ್ತಿತ್ತು. ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಇಲ್ಲಿ ಗೋಡೆಯೇ ಎದುರು. ಕರಾವಳಿಯ ತಗ್ಗಿನಿಂದ ಸುಮಾರು 650 ಮೀಟರ್ ಎತ್ತರಕ್ಕೆ ಒಮ್ಮೆಲೇ ಏರಬೇಕು. ಏರಿದಂತೆ ತಣ್ಣಗಾಗಿ, ಹೊತ್ತಿದ್ದನ್ನೆಲ್ಲ ಇಲ್ಲಿಯೇ ಸುರಿಯುತ್ತದೆ. ಅಪ್ಪ ಕಟ್ಟೆಯ ಮೇಲೆ ಅಂಗೈ ಇಟ್ಟು, 'ಬೆಳಿಗ್ಗೆ ನೋಡಿದ ಸಮುದ್ರವೇ ಇದು' ಎಂದರು.

ಎರಡನೆಯ ದಿನ: ಇಂಚಿನ ಲೆಕ್ಕ

ಬೆಳಗಿನ ತಿಂಡಿಗೆ ಅಕ್ಕಿ ಕಡುಬು, ಕಾಯಿ ಚಟ್ನಿ. ನಂತರ ಇನ್ನೊಂದು ಸುತ್ತು ಅದೇ ಕಡುಬಿಗೆ ತುಪ್ಪ ಮತ್ತು ಜೋನಿ ಬೆಲ್ಲ. ಅವ್ವ ಕಟ್ಟಿಕೊಟ್ಟಿದ್ದ ಜೋಳದ ಖಡಕ್ ರೊಟ್ಟಿಯನ್ನು ನಾವೂ ಹೊರತೆಗೆದೆವು. ನಮ್ಮೂರಿನಲ್ಲಿ ತಿಂಗಳು ಇಟ್ಟರೂ ಹಪ್ಪಳದಂತೆ ಮುರಿಯುವ ರೊಟ್ಟಿ ಒಂದೇ ರಾತ್ರಿಯಲ್ಲಿ ಒದ್ದೆ ಬಟ್ಟೆಯಂತೆ ಬಾಗಿತ್ತು. ಅಪ್ಪನಿಗೆ ಬೇಸರವಾಯಿತು. ಮನೆಯ ಅಕ್ಕ ಒಂದು ಮಾತನ್ನೂ ಆಡದೆ ರೊಟ್ಟಿಗಳನ್ನು ಒಳಗೆ ಒಯ್ದು, ಕೆಂಡದ ಮೇಲೆ ಒಂದೊಂದನ್ನೇ ಸುಟ್ಟು, ಮತ್ತೆ ಗರಿಗರಿಯಾಗಿ ತಂದಿಟ್ಟರು. ಶೇಂಗಾ ಚಟ್ನಿಪುಡಿಯ ಜೊತೆ ಇಡೀ ಮನೆಯವರು ತಿಂದರು.

ಅಕ್ಕನ ಮಾವನವರಿಗೆ ಎಂಬತ್ತು ದಾಟಿದೆ. ಅಂಗಳದಲ್ಲಿ ಅವರದೇ ಒಂದು ಮಳೆಮಾಪಕವಿದೆ: ಒಂದು ಡಬ್ಬಿ, ಅದರೊಳಗೆ ಗಾಜಿನ ಶೀಷೆ, ಮೇಲೊಂದು ಆಲಿಕೆ. ಹವಾಮಾನ ಇಲಾಖೆಯವರು ದೇಶದಾದ್ಯಂತ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತಾರಲ್ಲ, ಅದೇ ಹೊತ್ತಿಗೆ ಇವರೂ ಕೊಡೆ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ಲೆಕ್ಕ ಇನ್ನೂ ಇಂಚಿನಲ್ಲೇ. ಹಳೆಯ ಡೈರಿಗಳ ಒಂದು ಅಟ್ಟಿ ತಂದು ಅಪ್ಪನ ಮುಂದೆ ಇಟ್ಟರು.

'ಇಲ್ಲಿ ವರ್ಷಕ್ಕೆ ಮುನ್ನೂರು ಇಂಚು ಎಂದು ನಾವು ಹೇಳುವುದು' ಎಂದರು. ಮುನ್ನೂರು ಇಂಚೆಂದರೆ 7,620 ಮಿಲಿಮೀಟರ್. 'ನಿಮ್ಮ ಕಡೆ ಎಷ್ಟು?'

'ಇಪ್ಪತ್ತು ದಾಟಿದರೆ ಒಳ್ಳೆಯ ವರ್ಷ.'

ಹಿರಿಯರು ಸ್ವಲ್ಪ ಹೊತ್ತು ಅಪ್ಪನ ಮುಖವನ್ನೇ ನೋಡಿದರು. 'ಜುಲೈನಲ್ಲಿ ಎರಡು ದಿನ ಜೋರಾಗಿ ಹಿಡಿದರೆ ನಮಗೆ ಅಷ್ಟಾಗುತ್ತದೆ' ಎಂದು ಮೆಲ್ಲಗೆ ಹೇಳಿದರು. ಇತ್ತೀಚಿನ ಕೆಲವು ವರ್ಷಗಳಲ್ಲಿ ಹೊಸನಗರ ತಾಲ್ಲೂಕಿನ ಹುಲಿಕಲ್ ಆಗುಂಬೆಯನ್ನು ಮೀರಿಸಿದೆ ಎಂಬುದನ್ನೂ ಅವರೇ ಹೇಳಿದರು, ಮುಚ್ಚಿಡಲಿಲ್ಲ. ಅಪ್ಪ ಡೈರಿಯ ಪುಟಗಳಲ್ಲಿ ನಮ್ಮೂರಿಗೆ ನೀರು ಬಾರದ ವರ್ಷಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದರು. ಪ್ರತಿ ಸಲವೂ ಇಲ್ಲಿನ ಅಂಕಿ ಸಣ್ಣದಾಗಿರುತ್ತಿತ್ತು. ಇಬ್ಬರೂ ಕನ್ನಡಕ ಸರಿಸಿಕೊಂಡು ಒಂದೇ ಪುಟದ ಮೇಲೆ ಬಾಗಿದ್ದನ್ನು ನಾನು ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಮುನ್ನೂರು ಕಿಲೋಮೀಟರ್ ದೂರದ ಇಬ್ಬರು ಮುದುಕರ ಬದುಕು ಒಂದೇ ಶೀಷೆಯ ಲೆಕ್ಕದಲ್ಲಿತ್ತು.

ಹತ್ತು ಗಂಟೆಯ ಮೇಲೆ ಜೋಗಿಗುಂಡಿಗೆ ಹೋದೆವು. ಊರಿನಿಂದ ಮೂರು ಕಿಲೋಮೀಟರ್ ಆಸುಪಾಸು, ರಸ್ತೆಯಿಂದ ಇಳಿದು ಕಾಡಿನೊಳಗೆ ಸ್ವಲ್ಪ ನಡಿಗೆ. ಬಂಡೆಗಳ ನಡುವಿನ ಕಿರಿದಾದ ಬಿರುಕಿನಿಂದ ನೀರು ನುಗ್ಗಿ ಕೆಳಗಿನ ಕೊಳಕ್ಕೆ ಬೀಳುತ್ತದೆ. ಎತ್ತರ ಹೆಚ್ಚಿಲ್ಲ, ಆದರೆ ಸೆಳೆತ ಹೆಚ್ಚು. ಕೊಳದ ಆಳ ಮೇಲಿನಿಂದ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಇಳಿಯಲೇಬಾರದು. ಕಲ್ಲುಗಳ ಮೇಲೆ ಪಾಚಿ ಎಷ್ಟು ತೆಳ್ಳಗೆ ಹಬ್ಬಿರುತ್ತದೆಂದರೆ ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ. ನಾನು ಅಂಥ ಒಂದರ ಮೇಲೆ ಕಾಲಿಟ್ಟು ಜಾರಿ ಮಂಡಿ ತರಚಿಕೊಂಡೆ. ದಡದಿಂದ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೂ ನೋಡುವುದೇನೂ ಕಡಿಮೆಯಾಗುವುದಿಲ್ಲ. ಒನಕೆ ಅಬ್ಬಿ ಜಲಪಾತಕ್ಕೆ, ಸೀತಾನದಿ ಆಳದ ಕಣಿವೆಗೆ ಧುಮುಕುವ ಬರ್ಕಣಕ್ಕೆ ಹೋಗಬೇಕೆಂಬ ಆಸೆಯೂ ನನಗಿತ್ತು. ಅವು ಕಾಡಿನೊಳಗಿನ ಚಾರಣದ ದಾರಿಗಳು, ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆ ಇರುವಾಗ ಕೊಡುವುದಿಲ್ಲ. ಡಿಸೆಂಬರ್ ಹೊತ್ತಿಗೆ ಬಂದರೆ ದಾರಿಯೂ ತೆರೆದಿರುತ್ತದೆ, ನೀರೂ ಇನ್ನೂ ಇರುತ್ತದೆ ಎಂದು ಊರಿನವರು ಹೇಳಿದರು.

ಹಿಂದಿರುಗಿ ಬಂದು ನೋಡಿದರೆ ಕಾಲ್ಚೀಲದೊಳಗೆ ನಾಲ್ಕು ಇಂಬಳ. ಅಪ್ಪನ ಹಿಮ್ಮಡಿಯಲ್ಲಿ ಒಂದು, ರಕ್ತ ಕುಡಿದು ದ್ರಾಕ್ಷಿಯಷ್ಟಾಗಿತ್ತು. ಕೀಳಲು ಹೋದವಳನ್ನು ಮನೆಯ ಅಕ್ಕ ತಡೆದರು. 'ಎಳೆಯಬೇಡ ತಂಗಿ, ಗಾಯವಾಗುತ್ತದೆ' ಎಂದು ಉಪ್ಪು ಹಾಕಿದರು, ತಾನೇ ಬಿಟ್ಟು ಬಿತ್ತು. ಕಚ್ಚಿದ ಜಾಗದಿಂದ ರಕ್ತ ಬಹಳ ಹೊತ್ತು ಸೋರಿತು. ಹೆಪ್ಪುಗಟ್ಟದಂತೆ ಮಾಡುವ ಒಂದು ದ್ರವವನ್ನು ಅದು ಬಿಡುತ್ತದೆ, ಹೆದರಬೇಕಾಗಿಲ್ಲ. ಸೋಪಿನ ನೀರಿನಿಂದ ತೊಳೆದು ಒತ್ತಿ ಹಿಡಿದರೆ ಸಾಕು. ಕಾಡಿಗೆ ಹೋಗುವ ಮುಂಚೆ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಳ್ಳುವುದು ಇಲ್ಲಿನ ರೂಢಿ. ಮರುದಿನ ನಾವೂ ಸವರಿಕೊಂಡೆವು.

ಮಧ್ಯಾಹ್ನದ ಊಟಕ್ಕೆ ಕುಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಕೆಸುವಿನ ಎಲೆಯ ಪತ್ರೊಡೆ, ಮಿಡಿ ಉಪ್ಪಿನಕಾಯಿ. ಸೋನಾ ಮಸೂರಿ ಬೆಳೆಯುವ ಅಪ್ಪ ಕುಚಲಕ್ಕಿಯ ದಪ್ಪ ಅಗುಳನ್ನು ಬೆರಳಿನಲ್ಲಿ ಹಿಸುಕಿ ಪರೀಕ್ಷಿಸಿ, ಮೊದಲ ತುತ್ತಿಗೆ ಸುಮ್ಮನಾದರು, ತಂಬುಳಿಯ ಜೊತೆ ಎರಡನೆಯ ಸಲ ಬಡಿಸಿಕೊಂಡರು.

ಊಟವಾದ ಮೇಲೆ ಅಕ್ಕನ ಯಜಮಾನರ ಜೊತೆ ತೋಟಕ್ಕೆ ಇಳಿದೆವು. ಈ ನಾಲ್ಕು ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಇದೇ. ಅಡಿಕೆ ಮರಗಳ ಬುಡದಲ್ಲಿ ಹಸಿರು ಕಾಯಿಗಳು ಉದುರಿ ಬಿದ್ದಿದ್ದವು, ಮೇಲೆ ಬಿಳಿಯ ಬೂಷ್ಟು. ಕೊಳೆ ರೋಗ. ತಡೆಯಲು ಬೋರ್ಡೋ ದ್ರಾವಣ ಹೊಡೆಯಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಗೊನೆಗೆ ಅಂಟಿಕೊಳ್ಳಲು ಸ್ವಲ್ಪ ರಾಳ. ಆದರೆ ಔಷಧಿ ಗೊನೆಯ ಮೇಲೆ ಒಣಗಬೇಕಲ್ಲ. ಮಳೆ ಬಿಡದಿದ್ದರೆ ಹೊಡೆದದ್ದೆಲ್ಲ ತೊಳೆದುಹೋಗುತ್ತದೆ. ಒದ್ದೆ ಮರಕ್ಕೆ ಕೊನೆಗಾರರು ಹತ್ತುವಂತೆಯೂ ಇಲ್ಲ. ಇದರ ಜೊತೆಗೆ ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಬೇರೆ. ಸೋಗೆಗಳೇ ಸುಟ್ಟಂತೆ ಕಂದು ತಿರುಗಿ, ಮರ ಬಡವಾಗುತ್ತಾ ಹೋಗುತ್ತದೆ. 'ಎರಡು ಸಲ ಹೊಡೆದಾಯಿತು. ಮೂರನೆಯದಕ್ಕೆ ಹನ್ನೆರಡು ದಿನದಿಂದ ಕಾಯುತ್ತಿದ್ದೇವೆ. ಎರಡೇ ಎರಡು ದಿನ ಬಿಸಿಲು ಸಿಕ್ಕಿದರೆ ಸಾಕಿತ್ತು' ಎಂದರು ಅವರು.

ಅಪ್ಪ ಬಗ್ಗಿ ಒಂದು ಕಾಯಿಯನ್ನು ಎತ್ತಿಕೊಂಡು ಉಗುರಿನಿಂದ ಸೀಳಿ ನೋಡಿದರು. ಏನೂ ಹೇಳಲಿಲ್ಲ. ಹನ್ನೆರಡು ದಿನಗಳಿಂದ ನಾವು ಊರಿನಲ್ಲಿ ಕುಳಿತು, ಒಳಹರಿವು ಹೆಚ್ಚುತ್ತಿದೆ ಎಂದು ಸಂತೋಷ ಪಡುತ್ತಿದ್ದ ಮಳೆ ಇದೇ.

ರಾತ್ರಿ ಕರೆಂಟ್ ಹೋಯಿತು. ಅದೇ ಸರಿಯಾದ ಹೊತ್ತು ಎಂದು ಮನೆಯ ಹುಡುಗ, ಪದವಿ ಓದುತ್ತಿರುವವನು, ನಮ್ಮನ್ನು ತೋಟದ ಹಿಂದಿನ ಕಾಡಂಚಿಗೆ ಕರೆದುಕೊಂಡು ಹೋದ. ಗಂಬೂಟು, ಕೈಯಲ್ಲಿ ಕೋಲು, ಒಂದೊಂದು ಹೆಜ್ಜೆಗೂ ಟಾರ್ಚಿನ ಬೆಳಕು. ಹಾವುಗಳ ಊರು ಇದು, ಕತ್ತಲಲ್ಲಿ ದಾರಿ ಬಲ್ಲವರಿಲ್ಲದೆ ಹೆಜ್ಜೆ ಇಡಬಾರದು. ಒಂದು ಕೊಳೆತ ಮರದ ದಿಮ್ಮಿಯ ಮುಂದೆ ನಿಲ್ಲಿಸಿ ಟಾರ್ಚ್ ಆರಿಸಿದ. ಮೊದಲು ಏನೂ ಕಾಣಲಿಲ್ಲ. ಐದು ನಿಮಿಷ ಕಳೆದು ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ, ದಿಮ್ಮಿಯ ಉದ್ದಕ್ಕೂ ಮಸುಕಾದ ಹಸಿರು ಬೆಳಕು, ಹಳೆಯ ಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯುತ್ತಿತ್ತಲ್ಲ, ಹಾಗೆ. ಕೊಳೆತ ಕಟ್ಟಿಗೆಯನ್ನು ತಿನ್ನುವ ಒಂದು ಬಗೆಯ ಶಿಲೀಂಧ್ರ ಅದು. ಮಳೆಗಾಲದ ಒದ್ದೆಯಲ್ಲಿ ಮಾತ್ರ ಹೀಗೆ ಹೊಳೆಯುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಕಪ್ಪು ಬಿಟ್ಟು ಮತ್ತೇನೂ ಬರಲಿಲ್ಲ. ಸುತ್ತಲೂ ಕಪ್ಪೆಗಳ ಸದ್ದು, ಒಂದೊಂದು ಜಾತಿಯದು ಒಂದೊಂದು ದನಿ. ಅಪ್ಪ ನನ್ನ ತೋಳು ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಾದರೂ ಹೋಗೋಣ ಎನ್ನಲಿಲ್ಲ.

ಹಿಂದಿರುಗುವಾಗ ಹುಡುಗ ಕಾಳಿಂಗ ಸರ್ಪದ ಮಾತು ತೆಗೆದ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು ಈ ಹಾವಿಗಾಗಿಯೇ. ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಕಾಳಿಂಗಗಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದ್ದು ಇಲ್ಲಿ. ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಇದೊಂದೇ. ಮಳೆಗಾಲಕ್ಕೆ ಮುಂಚೆ ಹೆಣ್ಣು ತರಗೆಲೆಗಳನ್ನು ಮೈಯಿಂದಲೇ ಗುಡ್ಡೆ ಮಾಡಿ ಮೊಟ್ಟೆಯಿಡುತ್ತದೆ. ಹೊರಗೆ ಆಗುಂಬೆಯ ಮಳೆ ಸುರಿಯುತ್ತಿದ್ದರೂ ಗೂಡಿನೊಳಗೆ ಮೊಟ್ಟೆಗಳು ಬೆಚ್ಚಗಿರುತ್ತವೆ. 'ನಮ್ಮ ಕೊಟ್ಟಿಗೆಗೆ ಒಮ್ಮೆ ಬಂದಿತ್ತು. ಅಜ್ಜ ಕೈಮುಗಿದರು, ನಾನು ಹಿಡಿಯುವವರಿಗೆ ಫೋನ್ ಮಾಡಿದೆ' ಎಂದ.

ಮೂರನೆಯ ದಿನ: ಕುಂದಾದ್ರಿ

ಇಡೀ ರಾತ್ರಿ ಹೆಂಚಿನ ಮೇಲೆ ಸದ್ದು ನಿಂತಿರಲಿಲ್ಲ. ಬೆಳಿಗ್ಗೆ ಬೇಲಿಯ ಆಚೆಯಿಂದ ಸಿಳ್ಳಾರ ಹಕ್ಕಿಯ ದನಿ ಬಂತು, ಶಾಲೆಗೆ ಹೊರಟ ಹುಡುಗ ಹಾಡೊಂದನ್ನು ಅರ್ಧ ಶಿಳ್ಳೆ ಹಾಕಿ ಮರೆತಂತೆ.

ಊರಿನ ದೊಡ್ಡಮನೆಯನ್ನು ಹೊರಗಿನಿಂದ ನೋಡಿದೆವು. 1980ರ ದಶಕದಲ್ಲಿ ಶಂಕರ್ ನಾಗ್ ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಚಿತ್ರೀಕರಣ ಮಾಡಿದ್ದು ಈ ಮನೆಯಲ್ಲಿ ಮತ್ತು ಇದೇ ಬೀದಿಗಳಲ್ಲಿ. ಊರಿನ ಒಂದೇ ಟಿವಿಯ ಮುಂದೆ ಕುಳಿತು ನೋಡಿದ್ದು ಅಪ್ಪನಿಗೆ ಚೆನ್ನಾಗಿ ನೆನಪಿತ್ತು.

ಕುಂದಾದ್ರಿಗೆ ಬಾಡಿಗೆ ಜೀಪು. ತೀರ್ಥಹಳ್ಳಿಯ ದಾರಿಯಲ್ಲಿ ಗುಡ್ಡೇಕೇರಿಯ ಹತ್ತಿರ ತಿರುಗಿದರೆ ಗುಡ್ಡದ ತಲೆಯ ಹತ್ತಿರದವರೆಗೆ ಡಾಂಬರು ರಸ್ತೆ, ಕೊನೆಗೆ ಸ್ವಲ್ಪ ಮೆಟ್ಟಿಲು. ರಸ್ತೆ ಬಹಳ ಕಡಿದು. ಘಟ್ಟ ಓಡಿಸಿ ಅಭ್ಯಾಸವಿಲ್ಲದವರು ಮಂಜಿನ ದಿನ ಸ್ವಂತ ಕಾರಿನಲ್ಲಿ ಬರದಿರುವುದೇ ಕ್ಷೇಮ. ಜೀಪಿನ ಚಾಲಕರು ನಿಂತ ಕಡೆಯಲ್ಲೆಲ್ಲ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು.

826 ಮೀಟರ್ ಎತ್ತರದ ಈ ಗುಡ್ಡದ ನೆತ್ತಿ ಒಂದೇ ಬಂಡೆ. ಜೈನ ಮುನಿ ಆಚಾರ್ಯ ಕುಂದಕುಂದರು ತಪಸ್ಸು ಮಾಡಿದ ಜಾಗವೆಂದು ನಂಬಿಕೆ, ಹೆಸರೂ ಅದರಿಂದಲೇ. ಅಂಚಿನಲ್ಲಿ ಪಾರ್ಶ್ವನಾಥರ ಕಲ್ಲಿನ ಬಸದಿ, ಮುಂದೆ ಬಂಡೆಯ ತಗ್ಗಿನಲ್ಲಿ ನಿಂತ ಕೊಳ. ನಾವು ಹತ್ತಿದಾಗ ಬಸದಿಯೇ ಕಾಣುತ್ತಿರಲಿಲ್ಲ. ಗಾಳಿ ಕೊಡೆಯನ್ನು ಮಗುಚಿ ಹಾಕಿತು, ಎರಡು ಕಡ್ಡಿ ಮುರಿದವು. ಒಳಗೆ ದೀಪವಿತ್ತು, ತಣ್ಣಗಿತ್ತು, ಹೊರಗಿನ ಗಾಳಿಯ ಸದ್ದು ಬಾಗಿಲಿನಲ್ಲೇ ನಿಂತಂತಿತ್ತು. ಪೂಜೆ ಮಾಡುವವರು ಅಪ್ಪನ ಊರು ಕೇಳಿದರು. ಗಂಗಾವತಿ ಎಂದಾಗ, 'ನಿಮ್ಮ ಕಡೆಯ ಅಕ್ಕಿಯೇ ನಮ್ಮ ಮನೆಯಲ್ಲಿ' ಎಂದರು. ಅಪ್ಪನ ಮುಖ ಅರಳಿದ್ದು ಆ ಅರೆಗತ್ತಲಲ್ಲೂ ಕಂಡಿತು.

ಹೊರಬಂದು ಬಂಡೆಯ ಮೇಲೆ ಕಾದೆವು. ಒಂದು ಗಂಟೆ ಏನೂ ಇಲ್ಲ. ಜೀಪಿನ ಚಾಲಕರು ಅವಸರ ಮಾಡಲಿಲ್ಲ, 'ಇಲ್ಲಿಗೆ ಬಂದವರು ಬೇಗ ಇಳಿದುಬಿಡುತ್ತಾರೆ, ಅದಕ್ಕೇ ಏನೂ ಕಾಣುವುದಿಲ್ಲ' ಎಂದರು. ಹನ್ನೊಂದರ ಸುಮಾರಿಗೆ ಗಾಳಿ ದಿಕ್ಕು ಬದಲಿಸಿತು, ಕಾಲ ಕೆಳಗಿನಿಂದ ಮಂಜು ಸುರುಳಿ ಸುತ್ತಿಕೊಂಡು ಮೇಲೆದ್ದಿತು. ಬಂಡೆ ನೇರವಾಗಿ ಕಡಿದುಹೋದ ಕಡೆ ಒಮ್ಮೆಲೇ ಕಾಡು, ಕಾಡಿನ ನಡುನಡುವೆ ನಾಲಗೆಯಂತೆ ಚಾಚಿದ ಗದ್ದೆಗಳು, ಗದ್ದೆಯಿಂದ ಗದ್ದೆಗೆ ಬೆಳ್ಳಗೆ ಹರಿಯುವ ನೀರು. ನಮ್ಮಲ್ಲಿ ಗದ್ದೆಯೆಂದರೆ ಕಣ್ಣು ಹಾಯುವವರೆಗೂ ಚೌಕ ಚೌಕ, ನಡುವೆ ನೇರ ಕಾಲುವೆ. ಇಲ್ಲಿ ಒಂದೂ ನೇರವಾಗಿಲ್ಲ, ಗುಡ್ಡ ಬಾಗಿದಂತೆ ಗದ್ದೆಯೂ ಬಾಗಿದೆ. ಪಡುವಣದಲ್ಲಿ ಘಟ್ಟದ ಸಾಲು ನೀಲಿಯಾಗಿ ನಿಂತಿತ್ತು. ಅಪ್ಪ ಕೈಯೆತ್ತಿ ಬೆರಳಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. 'ಆ ಗೆರೆಯ ಆಚೆಗೆ ಬಿದ್ದದ್ದು ನಮ್ಮದಲ್ಲ. ಈಚೆಗೆ ಬಿದ್ದದ್ದು ನಮ್ಮದು' ಎಂದವರು ಸ್ವಲ್ಪ ತಡೆದು, 'ಮೊದಲು ಇವರದು, ಆಮೇಲೆ ನಮ್ಮದು' ಎಂದು ತಿದ್ದಿಕೊಂಡರು. ಹತ್ತು ನಿಮಿಷದಲ್ಲಿ ಮತ್ತೆ ಎಲ್ಲ ಮುಚ್ಚಿತು.

ಇಳಿಯುವಾಗ ಅಪ್ಪನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಚಾಲಕರು ಜೀಪಿನಲ್ಲಿದ್ದ ತಂತಿಯಿಂದ ಬಿಗಿದುಕೊಟ್ಟರು, ಊರು ಮುಟ್ಟುವವರೆಗೂ ಅದು ತಡೆಯಿತು. ಸಂಜೆ ಅಕ್ಕ ಮೆಣಸು, ಶುಂಠಿ, ಕೊತ್ತಂಬರಿ ಬೀಜದ ಕಷಾಯ ಮಾಡಿಕೊಟ್ಟು, ಹಲಸಿನ ಹಪ್ಪಳ ಸುಟ್ಟರು. ಹಪ್ಪಳವನ್ನು ಸುಟ್ಟ ಕೂಡಲೇ ತಿನ್ನಬೇಕು. ಮಾತಾಡುತ್ತಾ ಕುಳಿತರೆ ಅದೂ ನಮ್ಮ ರೊಟ್ಟಿಯ ದಾರಿಯನ್ನೇ ಹಿಡಿಯುತ್ತದೆ.

ನಾಲ್ಕನೆಯ ದಿನ: ಮಾಲತಿಯ ಜೊತೆ ತುಂಗೆಗೆ

ಹೊರಡುವ ಬೆಳಿಗ್ಗೆ ಹಿರಿಯರು ಶೀಷೆಯನ್ನು ಅಪ್ಪನ ಕೈಗೇ ಕೊಟ್ಟರು. ಅಪ್ಪ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಹೇಳಿದ ಅಂಕಿಯನ್ನು ಅವರು ಡೈರಿಯಲ್ಲಿ ಬರೆದುಕೊಂಡರು. ಮೂರೂವರೆ ಇಂಚು. ಅಕ್ಕ ಜೋನಿ ಬೆಲ್ಲದ ಒಂದು ಡಬ್ಬಿಯನ್ನೂ ಒಣಗಿದ ಪಂಚೆಗಳನ್ನೂ ತಂದುಕೊಟ್ಟರು. 'ಮುಂದಿನ ಸಲ ತಾಯಿಯವರನ್ನೂ ಕರೆದುಕೊಂಡು ಬಾ ತಂಗಿ. ರೊಟ್ಟಿ ಮಾಡುವುದನ್ನು ನನಗೆ ಹೇಳಿಕೊಡಲಿ.'

ಬಸ್ಸು ತೀರ್ಥಹಳ್ಳಿಯ ಕಡೆ ಹೊರಟಿತು. ಆಗುಂಬೆ ಬಿಟ್ಟ ಸ್ವಲ್ಪ ಹೊತ್ತಿಗೇ ದಾರಿಯಲ್ಲಿ ತೋಡುಗಳು ಕಾಣತೊಡಗಿದವು, ಒಂದನ್ನೊಂದು ಸೇರಿ ಹಳ್ಳವಾದವು. ಮಾಲತಿ ಎಲ್ಲಿಂದ ಮಾಲತಿಯಾಗುತ್ತಾಳೆ ಎಂದು ಅಪ್ಪ ಕಂಡಕ್ಟರರನ್ನು ಕೇಳಿದರು. ಅವರು ಟಿಕೆಟ್ ಹರಿಯುತ್ತಲೇ, 'ಈ ಎಲ್ಲ ಹಳ್ಳವೂ ಮಾಲತಿಯೇ' ಎಂದರು. ಅಪ್ಪನಿಗೆ ಆ ಉತ್ತರ ಸಾಕಾಯಿತು. ಕುಪ್ಪಳಿಗೆ ಈ ಸಲ ಹೋಗಲಿಲ್ಲ. ಕವಿಶೈಲಕ್ಕೆ ಒಂದು ಇಡೀ ದಿನವನ್ನೇ ಕೊಡಬೇಕು, ಸಂಜೆಯವರೆಗೂ ಅಲ್ಲಿ ಕುಳಿತಿರಬೇಕು ಎಂದು ನನ್ನ ಆಸೆ.

ತೀರ್ಥಹಳ್ಳಿಯಲ್ಲಿ ಮಳೆ ಇರಲಿಲ್ಲ. ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಎಷ್ಟು ವ್ಯತ್ಯಾಸ! ಶಿವಮೊಗ್ಗದ ಬಸ್ಸಿಗೆ ಎರಡು ಗಂಟೆ ಸಮಯವಿತ್ತು, ಚೀಲಗಳನ್ನು ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಟ್ಟು ರಾಮೇಶ್ವರ ದೇವಸ್ಥಾನದ ಕೆಳಗಿನ ಹೊಳೆಗೆ ಇಳಿದೆವು. ತಾಯಿಯನ್ನು ಕೊಂದ ಕೊಡಲಿಗೆ ಅಂಟಿದ ರಕ್ತವನ್ನು ಪರಶುರಾಮ ತೊಳೆದುಕೊಂಡ ತೀರ್ಥವೆಂದು ಇಲ್ಲಿನ ನಂಬಿಕೆ, ಎಳ್ಳಮಾವಾಸ್ಯೆಗೆ ದೊಡ್ಡ ಜಾತ್ರೆ ಸೇರುತ್ತದೆ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ನಡೆದೇ ಹೊಳೆಯ ನಡುವಿಗೆ ಹೋಗಬಹುದಂತೆ. ಈಗ ಬಂಡೆಗಳ ಸುಳಿವೇ ಇಲ್ಲ. ಹಳೆಯ ಕಮಾನು ಸೇತುವೆಯ ಕೆಳಗೆ ತುಂಗೆ ಕೆಂಪಗೆ, ದಂಡೆಯಿಂದ ದಂಡೆಗೆ, ಸದ್ದಿಲ್ಲದೆ ಹರಿಯುತ್ತಿದ್ದಳು. ಸೋಪಾನದ ಕೊನೆಯ ಎರಡು ಮೆಟ್ಟಿಲು ನೀರಿನೊಳಗಿದ್ದವು. ಅಪ್ಪ ತಂತಿ ಬಿಗಿದ ಚಪ್ಪಲಿಯನ್ನು ಮೇಲೆ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕಾಲು ಮುಳುಗುವಷ್ಟು ಇಳಿದು ನಿಂತರು. ಸೆಳೆತವಿತ್ತು. ನಾನು ಹಿಂದಿನ ಮೆಟ್ಟಿಲಿನಲ್ಲಿ ಅವರ ಮೊಣಕೈ ಹಿಡಿದುಕೊಂಡೆ.

ಆಗಲೇ ಫೋನ್ ಬಂತು. ನಮ್ಮ ಪಕ್ಕದ ಗದ್ದೆಯವರು. ಎಲ್ಲಿದ್ದೀರಿ, ಹೇಗಿದ್ದೀರಿ ಎಂಬುದೆಲ್ಲ ಆದ ಮೇಲೆ, ಅವರು ಕೇಳಿದ್ದು ನನಗೂ ಕೇಳಿಸಿತು: 'ಅಲ್ಲಿ ಮಳೆ ಹೇಗಿದೆ? ಇನ್ನೂ ಹಿಡಿಯುವಂತಿದೆಯೇ?'

ಅಪ್ಪ ಹರಿಯುವ ನೀರನ್ನೇ ನೋಡುತ್ತಾ ಹೇಳಿದರು: 'ಬೇಕಾದಷ್ಟು ಬಂದಿದೆ, ನಮ್ಮ ಕಡೆಗೇ ಬರುತ್ತಿದೆ. ಇನ್ನು ಒಂದು ವಾರ ಬಿಡುವು ಕೊಟ್ಟರೆ ಒಳ್ಳೆಯದು. ಇಲ್ಲಿ ಅಡಿಕೆಗೆ ಔಷಧಿ ಹೊಡೆಯುವುದು ಬಾಕಿ ಇದೆ.'